ಅಗೆದವನ ಹೊಣೆ

ಬಾಗಿಲು ತಟ್ಟಲು ಗಲಗಲಿ ಕೈ ಎತ್ತಿದ. ಬಾಗಿಲೇ ಇರಲಿಲ್ಲ. ಎತ್ತಿದ ಕೈಗೆ ಏನಾದರೂ ಕೆಲಸ ಕೊಡಬೇಕಲ್ಲ, ಕೊರಳಪಟ್ಟಿಯ ಬೆವರು ಒರೆಸಿಕೊಂಡ.

ಬಾಗಿಲು ಇಲ್ಲವೆಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಈ ಮನೆಯ ಬಾಗಿಲು ಎರಡು ಹೋಳಾಗಿ ಕಂಪನಿಯ ಗೋದಾಮಿನಲ್ಲಿ ಸಿಮೆಂಟಿನ ಚೀಲಗಳ ಹಿಂದೆ ಬಿದ್ದಿತ್ತು. ಬೆಳಿಗ್ಗೆಯಷ್ಟೇ ಅದನ್ನು ನೋಡಿ ಬಂದಿದ್ದ. ಆದರೂ ಕೈ ತಾನಾಗಿ ಎದ್ದಿತ್ತು. ತನ್ನ ಕೈಯ ಮೇಲೆ ಅವನಿಗೆ ಸಿಟ್ಟು ಬಂತು.

ಚೌಕಟ್ಟಿಗೆ ಒಂದು ಹಳೆಯ ಜಮಖಾನೆಯನ್ನು ಮೊಳೆ ಹೊಡೆದು ಇಳಿಬಿಟ್ಟಿದ್ದರು. ನೆಲ ಮುಟ್ಟಲು ಅದಕ್ಕೆ ಗೇಣುದ್ದ ಸಾಲದಾಗಿತ್ತು. ಆ ಸಂದಿಯಲ್ಲಿ ಹೆಂಗಸಿನ ಎರಡು ಪಾದಗಳು ಬಂದು ನಿಂತವು.

"ಯಾರ್ರಿ ಅದು?"

"ಕಂಪನಿಯಿಂದ ಬಂದೇನ್ರಿ."

"ಯಾವ ಕಂಪನಿ?"

"ನೀರಿನ ಕಂಪನಿ."

"ನೀರು ಇನ್ನೂ ಯಾರ ಕಂಡಾರ? ತೆಗ್ಗಿನ ಕಂಪನಿ ಅನ್ರಿ."

ಪಾದಗಳು ಸರಿಯಲಿಲ್ಲ. ಒಳಗೆ ಬರ್ರಿ ಅನ್ನುವ ಮಾತೂ ಬರಲಿಲ್ಲ. ಗಲಗಲಿ ಗೋಡೆಗೆ ಬೆನ್ನು ಹಚ್ಚಿ ನಿಂತ. ಬೇರೆ ಹೇಗೂ ನಿಲ್ಲುವಂತಿರಲಿಲ್ಲ. ಗೋಡೆಗೂ ತಗ್ಗಿಗೂ ನಡುವೆ ಉಳಿದದ್ದು ಒಂದೂವರೆ ಅಡಿ ನೆಲ. ಮುಂದೆ ಕೊರಳಮಟ್ಟ ಆಳದ, ನಾಲ್ಕು ಮೊಳ ಅಗಲದ ತಗ್ಗು. ಅದರಾಚೆಗೆ ತಗ್ಗಿನೊಳಗಿಂದ ತೆಗೆದು ಸುರಿದ ಗರಸಿನ ರಾಶಿ. ಸಿದ್ಧೇಶ್ವರ ಗುಡಿಯ ಹಿಂದಿನ ಈ ಓಣಿಯನ್ನು ಕಂಪನಿ ಯುಗಾದಿಗೆ ಮೊದಲೇ ಅಗೆದಿತ್ತು. ಭೂತನಾಳ ಕೆರೆಯ ನೀರು ತರುವ ಹೊಸ ಪೈಪು ಇಲ್ಲಿಂದ ಹಾಯಬೇಕು. ಪೈಪು ಬಂದಿರಲಿಲ್ಲ. ತಗ್ಗು ಮಾತ್ರ ಎರಡನೇ ತಿಂಗಳಿಗೆ ಬಿದ್ದಿತ್ತು.

ಓಣಿಯ ಬಾಯಿಯಿಂದ ಇಲ್ಲಿಯವರೆಗೆ ಅವನು ಗೋಡೆ ತಬ್ಬಿಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂದಿದ್ದ. ಎದುರಿನ ಕಟ್ಟೆಯ ಮೇಲೆ ಕೂತ ಮುದುಕನೊಬ್ಬ ಈ ಸರ್ಕಸ್ಸನ್ನು ಕೊನೆಯವರೆಗೂ ನೋಡಿ, "ಬೀಳ್ರಿ, ಬೀಳ್ರಿ. ಸಾಹೇಬರೊಬ್ಬರು ಬಿದ್ರ ನಾಳಿಗೇ ಹಲಗಿ ಬರ್ತಾವ" ಎಂದಿದ್ದ. ಯಾರೋ ನಕ್ಕಿದ್ದರು.

ಪಾಂಡುರಂಗ ಗಲಗಲಿಗೆ ಮೂವತ್ತೊಂದು ವರ್ಷ. ಧಾರವಾಡದಲ್ಲಿ ಕಾನೂನು ಓದಿದವನು. ಒಬ್ಬನ ಅಲಕ್ಷ್ಯದಿಂದ ಇನ್ನೊಬ್ಬನಿಗಾಗುವ ಹಾನಿಗೆ ಯಾರು ಹೊಣೆ ಎಂಬ ವಿಷಯದಲ್ಲಿ ಚಿನ್ನದ ಪದಕ ಪಡೆದವನು. ಆಮೇಲೆ ಎರಡು ವರ್ಷ ವಿಜಾಪುರದ ಕೋರ್ಟಿನ ಬೇವಿನ ಮರದ ಕೆಳಗೆ ಕರಿಕೋಟು ಹಾಕಿಕೊಂಡು ನಿಂತ. ಒಬ್ಬನೂ ಕೇಸು ತರಲಿಲ್ಲ. "ನಿನ್ನ ಮಾರಿ ಮಂದಿ ನೆನಪಿನ್ಯಾಗ ನಿಲ್ಲೂದಿಲ್ಲ ನೋಡು" ಎಂದು ಹಿರಿಯ ವಕೀಲರೊಬ್ಬರು ಹೇಳಿದ್ದರು. ಅಂದು ರಾತ್ರಿ ಕನ್ನಡಿಯ ಮುಂದೆ ಬಹಳ ಹೊತ್ತು ಕೂತು ಅದು ಖರೆಯೇ ಎಂದು ಒಪ್ಪಿಕೊಂಡಿದ್ದ. ಕಡೆಗೆ ಈ ಕಂಪನಿ ಅವನನ್ನು ಕಾನೂನು ಸಹಾಯಕನೆಂದು ತಾತ್ಕಾಲಿಕವಾಗಿ ತಗೊಂಡಿತು.

ಊರಿಗೆ ಕಂಪನಿ ಬರೆದುಕೊಟ್ಟ ಕರಾರಿನ ಒಕ್ಕಣೆ ಅವನದೇ. 'ರಸ್ತೆಯನ್ನು ಅಗೆದವರು ಬೇಲಿ ಕಟ್ಟತಕ್ಕದ್ದು. ಹಗಲು ಕೆಂಪು ನಿಶಾನೆ, ರಾತ್ರಿ ಕಂದೀಲು ಇಡತಕ್ಕದ್ದು. ಪ್ರತಿಯೊಂದು ಹೊಸ್ತಿಲಿಗೂ ದಾಟುಹಲಗೆ ಹಾಕಿಕೊಡತಕ್ಕದ್ದು.' ಬರೆದ ದಿನ ಎರಡು ಸಲ ಓದಿ ಖುಷಿಪಟ್ಟಿದ್ದ. ಆಮೇಲೆ ಪ್ರತಿ ಶನಿವಾರ ಅದೇ ಕೈಯಿಂದ ತಪಾಸಣೆಯ ಪುಸ್ತಕದಲ್ಲಿ 'ಖುದ್ದಾಗಿ ನೋಡಿದೆ, ಎಲ್ಲ ಸರಿಯಾಗಿದೆ' ಎಂದು ಬರೆದು ಸಹಿ ಹಾಕುತ್ತ ಬಂದಿದ್ದ. ಏಳು ಶನಿವಾರ ಕಳೆದಿದ್ದವು. ಓಣಿಯೊಳಗೆ ಕಾಲಿಟ್ಟದ್ದು ಇವತ್ತೇ ಮೊದಲು.

"ಲಾಡಲೇಸಾಬ ಅದಾರೇನ್ರಿ?" ಎಂದು ಜಮಖಾನೆಯನ್ನು ಕೇಳಿದ.

"ಎಲ್ಲಿ ಹೋಗ್ತಾರ? ಹೋಗೂ ಕಾಲ ನೀವ ಮುರದೀರಲ್ಲ."

ಪಾದಗಳು ಒಳಗೆ ಹೋದವು. ಒಳಗೆ ಉರ್ದುವಿನಲ್ಲಿ ಗುಸುಗುಸು ನಡೆಯಿತು. ಗಲಗಲಿ ಬಿಸಿಲಲ್ಲಿ ಕಾದ.

ಬೆಳಿಗ್ಗೆ ಮ್ಯಾನೇಜರ್ ಸಾಹೇಬ ವಕೀಲರ ನೋಟೀಸಿನಿಂದಲೇ ಗಾಳಿ ಬೀಸಿಕೊಳ್ಳುತ್ತ ಕೂತಿದ್ದ. ಕರೆಂಟು ಹೋಗಿತ್ತು.

"ಯಾರೋ ಲಾಡಲೇಸಾಬ ಅಂತ. ಕಲಾಯಿ ಮಾಡಾಂವ. ಬಾಗಲಾ ಅವಂದು, ಕಾಲ ಅವಂದು, ಬಿದ್ದಾಂವ ಅವ. ಇದರಾಗ ನಮ್ಮದೇನೈತ್ರಿ ಗಲಗಲಿ?"

"ತೆಗ್ಗು ನಮ್ಮದೈತ್ರಿ."

ಬೀಸುವ ಕೈ ನಿಂತಿತು. "ಲಾ ಓದಿದವರನ್ನ ಇಟಗೊಂಡದ್ದು ಅದನ್ನ ಕೇಳಾಕಲ್ಲ. ಅದು ಎಮ್ಮಿ ಕಾಯೋ ಹುಡುಗಗೂ ಗೊತ್ತೈತಿ."

ನೋಟೀಸನ್ನು ಟೇಬಲ್ಲಿನ ಮೇಲೆ ಹರಡಿದ.

ನೋಟೀಸಿನಲ್ಲಿ ಒಂದು ಸಾಲು ಇತ್ತು. 'ಕಂಪನಿಯ ಕಡೆಯವರ ಮಾತಿನ ಮೇರೆಗೆ ನಮ್ಮ ಕಕ್ಷಿದಾರರು ತಮ್ಮ ಮನೆಯ ಬಾಗಿಲನ್ನು ಕಿತ್ತು ತಗ್ಗಿನ ಮೇಲೆ ಹಲಗೆಯಾಗಿ ಹಾಕಿಕೊಂಡಿದ್ದು...' ಮ್ಯಾನೇಜರ್ ಆ ಸಾಲಿನ ಕೆಳಗೆ ಉಗುರಿನಿಂದ ಗೀರಿದ.

"ಕಂಪನಿ ಕಡೆಯವರು ಅಂದ್ರ ಯಾರು? ಅದಷ್ಟ ಬೇಕು ನಮಗ. ಕೂಲಿ ಮಂದಿ ಮುಕಾದಮ ಅಲ್ಲಾಉದ್ದೀನ ಹೇಳಿದ್ದಾದ್ರ, ಅಂವ ನಮ್ಮ ಪಗಾರದಾಂವ ಅಲ್ಲ. ತುಂಡುಗುತ್ತಿಗಿಯಾಂವ. ಅಂವಂದು ಅಂವಗ. ಪೋಲೀಸಗ ಕೊಟ್ಟು ಬಿಡೂದು. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಆಫೀಸಿನವರು ಯಾರರ ಹೇಳಿದ್ದಾದ್ರ..." ಅವನು ಗಲಗಲಿಯ ಮುಖ ನೋಡಿದ. "ಹೇಳಿರಾಕಿಲ್ಲ ಬಿಡ್ರಿ. ಆಫೀಸಿನವರು ಓದಿದವರದಾರ."

ರಸ್ತೆ ಅಗೆಯುವ ಹೊಣೆಯನ್ನು ಗುತ್ತಿಗೆಗೆ ಕೊಟ್ಟು ಯಾರೂ ಕೈತೊಳೆದುಕೊಳ್ಳಲು ಬರುವುದಿಲ್ಲ. ಕೂಲಿ ಯಾರದೇ ಇರಲಿ, ಅಗೆಸಿದವನೇ ಹೊಣೆ. ಪರೀಕ್ಷೆಯಲ್ಲಿ ಇದನ್ನೇ ಆರು ಪುಟ ಬರೆದು ಪದಕ ತಂದಿದ್ದ. ಆರು ಪುಟವೂ ಗಂಟಲಿಗೆ ಬಂತು. ಬಾಯಿಂದ ಬಂದದ್ದು "ಹೂಂನ್ರಿ" ಎಂಬುದಷ್ಟೇ.

"ಹೇಳಿಕಿ ಬರಕೊಂಡು ಹೆಬ್ಬಟ್ಟ ಒತ್ತಿಸಿಕೊಂಡು ಬರ್ರಿ. ಇವತ್ತ ಬೇಕು. ನಿಮ್ಮ ನೌಕರಿ ಕಾಯಂ ಮಾಡೂ ಕಾಗದ ನನ್ನ ಟೇಬಲ್ ಮ್ಯಾಲ ಐತಿ. ಎರಡೂ ಕೂಡೇ ಸೋಲಾಪುರದ ದೊಡ್ಡ ಆಫೀಸಿಗೆ ಕಳಿಸ್ತೇನಿ."

ಈಗ ಜಮಖಾನೆಯ ಒಂದು ಅಂಚು ಸರಿಯಿತು. ತಲೆಯ ಮೇಲೆ ಸೆರಗು ಹೊದ್ದ, ಐವತ್ತರ ಆಸುಪಾಸಿನ ಹೆಂಗಸು. ಲಾಡಲೇಸಾಬನ ಹೆಂಡತಿ ಬೀಬಿಜಾನ. ಅವಳು ಅವನ ಬೂಟುಗಳನ್ನು ನೋಡಿದಳು, ಮುಖ ನೋಡಲಿಲ್ಲ.

"ಬರ್ರಿ. ನಿಮಗೂ ಬಾಗಲಾ ತಗಿಯೂ ತ್ರಾಸ ಇಲ್ಲ, ನಮಗೂ ಹಾಕೂ ತ್ರಾಸ ಇಲ್ಲ. ನಾಯಿನೂ ಬರ್ತಾವ, ನೀವೂ ಬರ್ರಿ."

ಒಳಗೆ ಕತ್ತಲು. ಕಲಾಯಿಗೆ ಬಳಸುವ ನವಸಾಗರದ ಖಾರ ವಾಸನೆ ಮೂಗಿಗೆ ಬಡಿಯಿತು. ಗೋಡೆಯ ಉದ್ದಕ್ಕೂ ತಾಮ್ರದ ಹಂಡೆ, ಹಿತ್ತಾಳೆಯ ಬೋಗುಣಿ, ಪಾತೇಲಿಗಳು ಒಂದರೊಳಗೊಂದು ಕೂತಿದ್ದವು. ಎಲ್ಲದರ ಹೊಟ್ಟೆಯೂ ಕರಿದು. ಕಲಾಯಿಗೆಂದು ಬಂದವು, ಹಾಗೇ ಉಳಿದಿದ್ದವು. ಹೊರಸಿನ ಮೇಲೆ ಲಾಡಲೇಸಾಬ ಗೋಡೆಗೆ ಒರಗಿ ಕೂತಿದ್ದ. ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಸಿಮೆಂಟಿನ ಪಟ್ಟಿ.

"ಕುಂದ್ರರಿ. ಆ ಹಂಡೇನ ಬೋರಲ ಹಾಕಿ ಕುಂದ್ರರಿ."

ಗಲಗಲಿ ಕೂತ. ಚೀಲದಿಂದ ಕಾಗದ, ಪೆನ್ನು, ಶಾಯಿಯ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಕಾಲು ಹ್ಯಾಂಗೈತಿ?"

"ಐತಿ."

"ಡಾಕ್ಟರ್ ಏನಂತಾರ?"

"ಎರಡು ಕಡೆ ಮುರದೈತಂತ. ಕೂಡತೈತಂತ. ಆದ್ರ ಮೊದಲಿನಂಗ ತಿರಗೂದಿಲ್ಲಂತ." ಲಾಡಲೇಸಾಬ ಸಾವಕಾಶವಾಗಿ ಹೇಳಿದ. "ಕಲಾಯಿ ಅಂದ್ರ ಮಂದಿ ಕೈಯಿಂದ ಮಾಡ್ತಾರಂತ ತಿಳಕೊಂಡಾರ. ಕೈಯಿಂದ ಅಲ್ರಿ, ಕಾಲಿಂದ. ಭಾಂಡೇದಾಗ ಉಸುಕು ಹಾಕಿ, ಗೋಣಿತಟ್ಟ ಹಾಕಿ, ಒಳಗ ನಿಂತು ನಡಾ ತಿರುವಿ ತಿಕ್ಕಬೇಕು. ಕಾಲ ತಿರಗಲಿಲ್ಲಂದ್ರ ತಾಮ್ರ ಬೆಳ್ಳಗಾಗೂದಿಲ್ಲ. ಮೂವತ್ತು ವರ್ಷ ತಿಕೋಟಾ ಸಂತಿ, ಬಬಲೇಶ್ವರ ಸಂತಿ ತಪ್ಪಿಸಿಲ್ಲ ನಾನು. ಅವತ್ತೂ ಬಬಲೇಶ್ವರಕ್ಕ ಹೊಂಟಿದ್ದೆ. ಹೆಗಲ ಮ್ಯಾಲ ತಿದಿ, ತಲಿ ಮ್ಯಾಲ ಇದ್ದಲಿ ಚೀಲ. ನಟ್ಟನಡುವ ಹೋದಾಗ ಲಟಕ್ ಅಂತು."

"ಬಾಗಲಾನೂ ಒಯ್ದರು ಇವರ ಮಂದಿ," ಎಂದಳು ಬೀಬಿಜಾನ. "ಇವರನ್ನ ದವಾಖಾನಿಗೆ ಒಯ್ಯಾಕ ಗಾಡಿ ಸಿಗಲಿಲ್ಲ. ಮುರದ ಬಾಗಲಾ ಒಯ್ಯಾಕ ಜೀಪ್ ಬಂತು ನೋಡ್ರಿ. ಎಲ್ಲಿಟ್ಟೀರಿ ನಮ್ಮ ಬಾಗಲಾ?"

"ವಿಚಾರಸ್ತೇನ್ರಿ."

"ಏನ ವಿಚಾರಸ್ತೀರಿ? ಮನ್ಯಾಗ ನಾನೊಬ್ಬಾಕಿ ಹೆಣ್ಣಮಗಳು, ಏಳಾಕ ಬರಲಾರದ ಗಂಡಸು. ಹಗಲೂ ರಾತ್ರಿ ಓಣಿ ಮಂದಿಯೆಲ್ಲಾ ನಮ್ಮನ್ನ ನೋಡೂದ. ಇದಕ್ಕೇನ ವಿಚಾರ?"

ಗಲಗಲಿಗೆ ಅವಳ ಸಿಟ್ಟು ಹಿತವೆನಿಸಿತು. ಬಯ್ಯುವವರು ತನ್ನನ್ನು ಕಂಡಿದ್ದಾರೆ, ಇನ್ನೊಂದು ಗಳಿಗೆಯಲ್ಲಿ ಗುರುತಿಸುತ್ತಾರೆ, ಬೆರಳು ಮಾಡಿ ತೋರಿಸುತ್ತಾರೆ ಅಂದುಕೊಂಡ. ಅದಕ್ಕೆಂದೇ ದಾರಿಯುದ್ದಕ್ಕೂ ಒಂದು ಉತ್ತರ ಹೊಂದಿಸಿಕೊಂಡು ಬಂದಿದ್ದ. 'ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ.' ಕಾನೂನಿನಲ್ಲಿ ಇದು ಬಹಳ ಗಟ್ಟಿಯಾದ ಮಾತು. ಸುಳ್ಳೆಂದು ಯಾರೂ ಸಾಧಿಸಲು ಬರುವುದಿಲ್ಲ.

"ಬಾಗಲಾ ನೀವಾಗೇ ಹಾಕಿಕೊಂಡ್ರಿ, ಹೌದಲ್ಲ?"

"ನಾವಾಗೇ?" ಬೀಬಿಜಾನ ಕೈ ತಿರುವಿದಳು. "ತಲಿ ಕೆಟ್ಟೈತೇನು ನಮಗ, ಇದ್ದ ಬಾಗಲಾ ಕೀಳಾಕ? ಹಲಗಿ ಕೊಡ್ರಿ ಅಂತ ಹದಿನೈದು ದಿನಾ ಬೊಬ್ಬಿ ಹೊಡದೇವಿ. ಕಡೀಕ ನಿಮ್ಮ ಕಂಪನಿಯವರ ಹೇಳಿದ್ರು, ಬಾಗಲಾ ಹಾಕ್ಕೋರಿ ಅಂತ."

"ಯಾರು ಹೇಳಿದ್ದು?"

ಗಲಗಲಿ ಕಾಗದ ಸರಿಮಾಡಿಕೊಂಡ. ಪೆನ್ನಿನ ಮುಚ್ಚಳ ಬಿಚ್ಚಿದ.

"ಮುಕಾದಮ. ಅಲ್ಲಾಉದ್ದೀನ," ಎಂದ ಲಾಡಲೇಸಾಬ.

ಗಲಗಲಿಗೆ ಮೊದಲು ಹಾಯೆನಿಸಿತು. ಬೆನ್ನ ಮೇಲಿಂದ ಮೂಟೆ ಇಳಿದಂತಾಯಿತು. ಆಮೇಲೆ ಏನೋ ಚುಚ್ಚಿತು.

ಆ ದಿನ ನಡೆದದ್ದು ಇಷ್ಟೇ. ಜೀಪು ದೊಡ್ಡ ರಸ್ತೆಯಲ್ಲಿ ನಿಂತಿತ್ತು. ಆಫೀಸಿನವರು ಓಣಿಗಳೊಳಗೆ ಹೋಗುವ ಪದ್ಧತಿ ಇರಲಿಲ್ಲ. ಹೋದರೆ ಹೆಂಗಸರು ಸುತ್ತುಗಟ್ಟುತ್ತಾರೆ. ಹೇಳುವುದನ್ನು ಜೀಪಿನಿಂದ ಮುಕಾದಮನಿಗೆ ಹೇಳಬೇಕು. ಮುಕಾದಮ ಅದನ್ನು ತನ್ನ ಮಾತೆಂದು ಓಣಿಯಲ್ಲಿ ಹೇಳಬೇಕು. ಒಯ್ದ ಮಾತು ಚಲೋ ಇದ್ದರೆ ಕಂಪನಿಯದು, ಕೆಟ್ಟದ್ದಿದ್ದರೆ ಮುಕಾದಮನದು. ಅಲ್ಲಾಉದ್ದೀನ ಜೀಪಿನ ಕಿಟಕಿಗೆ ಬಂದು, "ಸಾಹೇಬರ, ಓಣಿ ಮಂದಿ ಹಲಗಿ ಕೇಳಾಕತ್ತಾರ" ಅಂದ. ಗಲಗಲಿಗೆ ತಲೆನೋವಿತ್ತು. ಹಲಗೆಗಳು ಕರಾರಿನಲ್ಲಿದ್ದವು, ಗೋದಾಮಿನಲ್ಲಿರಲಿಲ್ಲ. "ಯಾಕ, ಅವರ ಮನಿಗೆ ಬಾಗಲಾ ಇಲ್ಲೇನು? ಒಂದು ಕಿತ್ತು ಹಾಕ್ಕೋ ಅನ್ನು" ಅಂದ. ಅಲ್ಲಾಉದ್ದೀನ ತುಸು ಹೊತ್ತು ಅಲ್ಲೇ ನಿಂತ. "ಹಂಗ ಹೇಳ್ಲೇನ್ರಿ?" ಎಂದು ಕೇಳಿದ. "ಹೇಳು ಹೋಗು," ಎಂದು ಗಲಗಲಿ ಕಿಟಕಿಯ ಗಾಜು ಏರಿಸಿದ್ದ.

ಗಾಜು ಏರಿಸಿದ್ದು ಈಗ ನೆನಪಾಯಿತು.

"ಬ್ಯಾರೆ ಯಾರೂ ಹೇಳಲಿಲ್ಲ? ಸಾಹೇಬರು ಯಾರೂ ಇರಲಿಲ್ಲ?"

"ಸಾಹೇಬ? ಈ ಓಣಿಗೆ ಯಾವ ಸಾಹೇಬ ಬಂದಾನ್ರಿ?" ಲಾಡಲೇಸಾಬ ನಕ್ಕ. "ಹೆಣಾ ಹೊರಾಕೂ ಬರೂದಿಲ್ಲ ಸಾಹೇಬರು. ಮುಕಾದಮ ಒಬ್ಬಾಂವ ಬಂದಾನ. ಅವನ ಹೇಳಿದ. ಹೇಳಿ, ತಾನ ನನ್ನ ಕೂಡ ಕೈ ಹಚ್ಚಿ ಬಾಗಲಾ ಬಿಚ್ಚಿದ. ಬಿಚ್ಚೂ ಮುಂದ ಅವನ ಮಾರಿ ಸಣ್ಣದಾಗಿತ್ತು."

ಗಲಗಲಿ ಬರೆಯತೊಡಗಿದ. 'ಮುಕಾದಮ ಅಲ್ಲಾಉದ್ದೀನ ಎಂಬವನು ತನ್ನ ಸ್ವಂತ ಇಚ್ಛೆಯಿಂದ...' ಪೆನ್ನು ನಿಂತಿತು. ಇವರಿಗೆ ತಾನು ಯಾರೂ ಅಲ್ಲ. ಇವರ ಮನೆ ಮುರಿದು, ಕಾಲು ಮುರಿದು, ಹೊಟ್ಟೆಗೂ ಸಂಚಕಾರ ತಂದು, ಅದರೊಳಗೆ ತಾನು ಎಲ್ಲೂ ಇಲ್ಲ. ಅವಮಾನವಾಯಿತು. ಇಂಥ ಅವಮಾನ ಕೋರ್ಟಿನ ಬೇವಿನ ಮರದ ಕೆಳಗೂ ಆಗಿರಲಿಲ್ಲ.

"ನಾನ ಹೇಳಿದ್ದು," ಎಂದ.

ಇಬ್ಬರೂ ಅವನನ್ನು ನೋಡಿದರು.

"ಬಾಗಲಾ ಹಾಕ್ಕೋ ಅಂತ ಅಲ್ಲಾಉದ್ದೀನಗ ನಾನ ಹೇಳಿದ್ದೆ. ಜೀಪಿನ್ಯಾಗ ಕುಂತು."

ಬೀಬಿಜಾನ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು. ಅಂಗಡಿಯಲ್ಲಿ ಸವೆದ ನಾಣ್ಯ ನೋಡುವಂತೆ ನೋಡಿ ಬಿಟ್ಟಳು.

"ನೀವ? ನಿಮ್ಮ ಮಾರಿ ನಾವು ಇವತ್ತ ನೋಡಾಕತ್ತೇವಿ."

"ಖರೆ ಹೇಳಾಕತ್ತೇನಿ."

"ಏನ್ರಿ ಇದು ಹೊಸಾ ಆಟ?" ಲಾಡಲೇಸಾಬನ ದನಿ ಗಡಸಾಯಿತು. "ನೀವು ಹೇಳಿದ್ರಿ ಅಂತ ನಮ್ಮ ಕಡಿಂದ ಬರಸ್ಕೋತೀರಿ. ನಾಳೆ ಕ್ವಾರ್ಟಿನ್ಯಾಗ, ಈ ಸಾಹೇಬರು ಹೇಳಿದ್ದು ನೀ ಕೇಳೀಯೇನು ಅಂತಾರ. ನಾ ಕೇಳಿಲ್ಲ. ಅಲ್ಲಿಗೆ ನಾ ಸುಳ್ಳ ಆದ್ನಿ, ನನ್ನ ಕಾಲೂ ಸುಳ್ಳ ಆತು. ನಮ್ಮ ವಕೀಲರು ಹೇಳಿ ಕಳಿಸ್ಯಾರ್ರಿ, ಕಣ್ಣಲೆ ಕಂಡದ್ದು, ಕಿವಿಲೆ ಕೇಳಿದ್ದು ಅಷ್ಟ ಹೇಳು ಅಂತ."

ವಕೀಲರು ಹೇಳಿದ್ದು ಸರಿಯಾಗಿತ್ತು. ಗಲಗಲಿಗೂ ಕಾಲೇಜಿನಲ್ಲಿ ಅದನ್ನೇ ಕಲಿಸಿದ್ದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಕಳ್ಳ ಅನ್ನಲಿಲ್ಲ. ಇವನೇ ಹೆಗಲು ತೆರೆದು ತೋರಿಸಿದರೂ ನೋಡುವವರಿಲ್ಲ.

"ಅಲ್ಲಾಉದ್ದೀನನ ಹೆಸರ ಬರೀರಿ," ಎಂದಳು ಬೀಬಿಜಾನ. "ನಿಮ್ಮ ಹೆಸರ ನಮಗ್ಯಾಕ? ಅದು ಏನೈತೋ ಅದೂ ಗೊತ್ತಿಲ್ಲ."

ಅವನು ಹೆಸರು ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ ಖರೆ ಹೇಳಿ ಆಯಿತು, ನಂಬದಿದ್ದರೆ ಅವರ ಹಣೆಬರಹ, ಇನ್ನೇನು ಕಾಲಿಗೆ ಬೀಳಬೇಕೇ ಎಂದು ಒಳಗೊಳಗೇ ಕುದಿದ. ಕುದಿಯುತ್ತಲೇ ಬರೆದ. ಅಕ್ಷರಗಳು ಮಾತ್ರ ದುಂಡಗೆ ಬಂದವು.

ಬರೆದದ್ದನ್ನು ಓದಿ ಹೇಳಿದ. 'ಸ್ವಂತ ಇಚ್ಛೆಯಿಂದ' ಎಂಬಲ್ಲಿ ದನಿ ಇಳಿಸಿ ಬೇಗನೆ ದಾಟಿದ. ಲಾಡಲೇಸಾಬ ಕಣ್ಣು ಮುಚ್ಚಿ ಕೇಳಿದ. ಆಮೇಲೆ ಕಣ್ಣು ತೆರೆಯದೆಯೇ ಅಂದ:

"ಒಂದು ಮಾತ ಕೇಳ್ಲೇನ್ರಿ? ಅವನ ಹೆಸರ ಬರದ್ರ ಅವಗೇನೂ ಆಗೂದಿಲ್ಲಲ್ಲ?"

"ಏನಾಗತೈತಿ? ವಿಚಾರಣಾ, ಅಷ್ಟ."

"ಮಕ್ಕಳು ಸಣ್ಣವು ಅವಂವು."

"ಬರೇ ವಿಚಾರಣಾ," ಎಂದ ಗಲಗಲಿ. ಎರಡನೇ ಸಲ ಹೇಳುವಾಗ ಅದು ಮೊದಲಿಗಿಂತ ಸಲೀಸಾಗಿ ಬಂತು. ಅದಕ್ಕೆ ಅವನಿಗೇ ಅಚ್ಚರಿಯಾಯಿತು.

ಹೆಬ್ಬಟ್ಟು ಮೊದಲ ಸಲ ಸರಿಯಾಗಿ ಮೂಡಲಿಲ್ಲ. ಕಾದ ತಾಮ್ರ ಹಿಡಿದು ಹಿಡಿದು ಲಾಡಲೇಸಾಬನ ಬೆರಳಿನ ಗೆರೆಗಳು ಸವೆದುಹೋಗಿದ್ದವು. ಕಾಗದದ ಮೇಲೆ ಬಿದ್ದದ್ದು ಬೋಳು ಕರಿ ಮಚ್ಚೆ. ಗಲಗಲಿ ಶಾಯಿಯನ್ನು ದಪ್ಪಗೆ ಬಳಿದು ಮತ್ತೊಮ್ಮೆ ಒತ್ತಿಸಿದ. ಅಂಚಿನಲ್ಲಿ ಎರಡೋ ಮೂರೋ ಗೆರೆ ಕಂಡವು. ಶಾಯಿ ಹಸಿಯಾಗಿ ಹೊಳೆಯಿತು. ಮಡಚಿದರೆ ಇಷ್ಟೂ ಅಳಿಸಿಹೋಗುತ್ತದೆ. ಅವನು ಕಾಗದವನ್ನು ಎರಡೂ ಕೈಯಲ್ಲಿ ತುದಿಗೆ ಹಿಡಿದುಕೊಂಡು ಎದ್ದ.

"ಭಾಯಿ, ತಯಾರ ಆದ್ಯಾ?"

ಜಮಖಾನೆ ಸರಿಸಿ ಒಳಗೆ ಬಂದದ್ದು ಅಲ್ಲಾಉದ್ದೀನ. ಎತ್ತರದ ಆಳು, ಮೊಣಕಾಲವರೆಗೆ ಮಣ್ಣು, ತಲೆಗೆ ಸುತ್ತಿದ ಟವೆಲ್ಲು. ಗಲಗಲಿಯನ್ನು ಕಂಡು ಹೊಸ್ತಿಲ ಬಳಿಯೇ ನಿಂತ. ಸಲಾಮು ಮಾಡಲಿಲ್ಲ.

"ಹಲಗಿ ತಂದೀರೇನ್ರಿ?"

"ಇಲ್ಲ."

"ಮತ್ತೇನ ತಂದೀರಿ?"

"ಹೇಳಿಕಿ ಬರಕೊಳ್ಳಾಕ ಬಂದಿದ್ದೆ."

"ಬರಕೊಳ್ರಿ. ಬರಿಯೂದಕ್ಕೇನ ಕಡಿಮಿ ಐತಿ ನಿಮ್ಮ ಕಡೆ." ಅವನು ಕಾಗದದ ಕಡೆ ನೋಡಿದ. ಅವನಿಗೆ ಓದಲು ಬರುತ್ತಿರಲಿಲ್ಲ. "ಇವತ್ತ ದವಾಖಾನ್ಯಾಗ ಭಾಯಿ ಕಾಲ ನೋಡ್ತಾರ. ಎಂಟು ದಿನಕ್ಕೊಮ್ಮೆ ನಾನ ಹೊತಗೊಂಡು ಹೋಗೂದು. ಟಾಂಗಾ ದೊಡ್ಡ ರಸ್ತೆದಾಗ ನಿಂತೈತಿ."

ಬೀಬಿಜಾನ ಗಂಡನ ಅಂಗಿ ಹುಡುಕಲು ಒಳಗಿನ ಕೋಣೆಗೆ ಹೋದಳು. ಅಲ್ಲಾಉದ್ದೀನ ಗಲಗಲಿಯ ಹತ್ತಿರ ಬಂದು ದನಿ ತಗ್ಗಿಸಿದ.

"ಜೀಪಿನ್ಯಾಗಿನ ಮಾತು ನಾ ಯಾರ ಮುಂದೂ ತಗದಿಲ್ರಿ. ನಿಮ್ಮ ಹೆಸರ ಹೊರಗ ಬಿಟ್ಟಿಲ್ಲ."

ಗಲಗಲಿ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಮಳಿಗಾಲದಾಗ ನನ್ನ ಕೆಲಸಾ ಬಿಡಿಸಬ್ಯಾಡ್ರಿ ಮತ್ತ. ಅದಷ್ಟ ನೆನಪಿಡ್ರಿ."

ಗಲಗಲಿಗೆ ಅವನ ಮೇಲೆ ಹೇಸಿಕೆಯಂಥ ಸಿಟ್ಟು ಬಂತು. ಯಾರು ಹೇಳಿದ್ದರು ಇವನಿಗೆ, ಬಾಯಿ ಮುಚ್ಚಿಕೊಂಡಿರು ಅಂತ? ಒಂದು ಮಾತು ಆಡಿದ್ದರೆ ಇವರಿಗೆ ತನ್ನ ಹೆಸರು ತಿಳಿದಿರುತ್ತಿತ್ತು, ಬೈದಿರುತ್ತಿದ್ದರು, ತಾನು ನೆನಪಿಲ್ಲ ಅನ್ನುತ್ತಿದ್ದ, ಎಲ್ಲ ಕಾನೂನಿನ ಪ್ರಕಾರ ನಡೆಯುತ್ತಿತ್ತು. ಈ ಮೂರ್ಖ ತನ್ನ ಗೋರಿಯನ್ನು ತಾನೇ ತೋಡಿಕೊಂಡು ಮೇಲೆ ಉಪಕಾರ ಬೇರೆ ಹೊರಿಸುತ್ತಿದ್ದಾನೆ. ಬೇಗ ಹೊರಗೆ ಹೋಗಬೇಕೆನಿಸಿತು.

"ಹೊಂಟ್ರೇನು? ಹಂಗಾರ ಒಂದ ಕೆಲಸಾ ಮಾಡ್ರಿ," ಎಂದ ಅಲ್ಲಾಉದ್ದೀನ, ಜೋರಾಗಿ. "ಸುತ್ತ ಹಾಕಿ ಆ ಕಡಿ ದಂಡಿಗೆ ಬರ್ರಿ. ಭಾಯಿನ್ನ ಹೊತಗೊಂಡು ಗ್ವಾಡಿ ಹಿಡದು ಹೋಗಾಕ ಆಗೂದಿಲ್ಲ, ತೆಗ್ಗಿನ್ಯಾಗ ಹಾಯ್ತೇನಿ. ಹತ್ತೂ ಮುಂದ ಮ್ಯಾಲಿಂದ ಒಬ್ಬರು ಕೈ ಕೊಡಬೇಕು. ಪ್ರತಿ ಸಲ ಆ ಕಟ್ಟಿ ಮ್ಯಾಲಿನ ಮುದುಕ ಕೊಡತಿದ್ದ, ಈಗ ನಮಾಜಿಗೆ ಎದ್ದು ಹೋದ."

ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ.

ಗಲಗಲಿ ಮತ್ತೆ ಗೋಡೆ ಹಿಡಿದು ಹೋದ. ಈ ಸಲ ಒಂದೇ ಕೈಯಿಂದ. ಇನ್ನೊಂದು ಕೈಯಲ್ಲಿ ಕಾಗದ. ಓಣಿಯ ಬಾಯಿಗೆ ಬಂದು, ತಗ್ಗು ಸುತ್ತುಹಾಕಿ, ಗರಸಿನ ರಾಶಿ ಏರಿ ಆ ಮನೆಯ ಎದುರಿಗೆ ಬಂದು ನಿಂತ. ಬಿಸಿಲಿಗೆ ಗರಸು ಬೂಟಿನೊಳಗೂ ಸುಡುತ್ತಿತ್ತು. ದೊಡ್ಡ ರಸ್ತೆಯಲ್ಲಿ ಟಾಂಗಾದವನು ಕೂಗುತ್ತಿದ್ದ.

ಅಲ್ಲಾಉದ್ದೀನ ಆಗಲೇ ತಗ್ಗಿಗೆ ಇಳಿದಿದ್ದ. ಲಾಡಲೇಸಾಬ ಹೊಸ್ತಿಲ ಮೇಲೆ ಕೂತು, ಕುಂಡೆಯ ಮೇಲೆ ಸರಿಯುತ್ತ ಅಂಚಿಗೆ ಬಂದ. ಬೀಬಿಜಾನ ಅವನ ರಟ್ಟೆಗಳನ್ನು ಹಿಂದಿನಿಂದ ಹಿಡಿದು ಇಳಿಬಿಟ್ಟಳು. ಅಲ್ಲಾಉದ್ದೀನ ಬೆನ್ನು ಕೊಟ್ಟ. ಸಿಮೆಂಟಿನ ಕಾಲು ಮಡಚುವಂತಿರಲಿಲ್ಲ. ಅದು ಅವನ ಸೊಂಟದ ಪಕ್ಕದಿಂದ ಮುಂದಕ್ಕೆ ಚಾಚಿಕೊಂಡಿತು. ಎರಡು ತಲೆ, ಮೂರು ಕಾಲಿನ ಒಂದೇ ಪ್ರಾಣಿ ತಗ್ಗಿನ ತಳದಲ್ಲಿ ನಡೆದುಬಂತು.

ತಗ್ಗಿನ ಈ ಕಡೆಯ ಗೋಡೆಯಲ್ಲಿ ಕಾಲಿಡಲು ಎರಡು ಗೂಡು ಕೊರೆದಿದ್ದರು. ಅಲ್ಲಾಉದ್ದೀನ ಮೊದಲನೆಯದರಲ್ಲಿ ಕಾಲಿಟ್ಟು ಏರಿದ. ಎರಡನೆಯದರಲ್ಲಿ ಇಟ್ಟಾಗ ಗರಸು ಕುಸಿಯಿತು. ಒಂದು ಕೈ ಲಾಡಲೇಸಾಬನ ತೊಡೆಯ ಕೆಳಗಿತ್ತು. ಇನ್ನೊಂದನ್ನು ಮೇಲೆ ಚಾಚಿದ.

"ಕೈ ಕೊಡ್ರಿ."

ಗಲಗಲಿ ಒಂದು ಹೆಜ್ಜೆ ಮುಂದೆ ಬಂದ. ಅವನ ಕಾಲ ಕೆಳಗಿಂದಲೂ ಗರಸು ಜಾರಿ ತಗ್ಗಿನೊಳಗೆ, ಆ ಇಬ್ಬರ ಮುಖದ ಮೇಲೆ ಸುರಿಯಿತು. ಅವನು ಹಿಂದೆ ಸರಿದ. ಕಾಗದವನ್ನು ಕೆಳಗಿಟ್ಟರೆ ಮಣ್ಣು ಹತ್ತುತ್ತದೆ. ಕಿಸೆಗೆ ಹಾಕಿದರೆ ಹೆಬ್ಬಟ್ಟು ಅಳಿಸುತ್ತದೆ. ಗಾಳಿಗೆ ಅದು ಪಟಪಟ ಬಡಿಯುತ್ತಿತ್ತು. ಇನ್ನೊಂದು ಕೈಯಿಂದಲೂ ಹಿಡಿದುಕೊಂಡ.

"ಸಾಹೇಬರ, ಜಾರಾಕತ್ತೈತಿ. ಲಗೂನ ಕೈ ಕೊಡ್ರಿ!"

ಲಾಡಲೇಸಾಬ ಅಲ್ಲಾಉದ್ದೀನನ ಕೊರಳನ್ನು ಬಿಗಿಯಾಗಿ ಅಪ್ಪಿಕೊಂಡ. ಅವನ ಹೆಬ್ಬಟ್ಟಿನ ಶಾಯಿ ಅಲ್ಲಾಉದ್ದೀನನ ಅಂಗಿಯ ಎದೆಗೆ ಹತ್ತಿತು.

"ಏ!" ಬೀಬಿಜಾನ ಆ ದಂಡೆಯಿಂದ ಚೀರಿದಳು. "ಆ ಕಾಗದ ಒಗಿಯೋ ಯಪ್ಪಾ! ಕೈ ಕೊಡೋ!"

ಅಲ್ಲಾಉದ್ದೀನ ಕುತ್ತಿಗೆ ಎತ್ತಿ ಮೇಲೆ ನೋಡುತ್ತಿದ್ದ. ಬಿಸಿಲಿಗೆ ಕಣ್ಣು ಬಿಡಲಾಗದೆ ಮುಖ ಕಿವುಚಿಕೊಂಡಿತ್ತು. ಚಾಚಿದ ಕೈಯ ಐದೂ ಬೆರಳು ಬಿಡಿಬಿಡಿಯಾಗಿ ತೆರೆದಿದ್ದವು. ಗರಸು ಒಂದೇ ಸಮನೆ ಇಳಿಯುತ್ತಿತ್ತು. ಗಲಗಲಿ ಕಾಗದವನ್ನು ಎದೆಯ ಹತ್ತಿರ ಹಿಡಿದುಕೊಂಡು, ಹಸಿ ಹೆಬ್ಬಟ್ಟಿನ ಮೇಲೆ ಬಾಯಿಂದ ಊದುತ್ತಿದ್ದ.